24 ವೋಲ್ಟ್ ಇಟ್ರ 17.99 ಅಂತೈತಿ, ಮಲ್ಟಿಮೀಟರ್ ಅಂತೂ ಬಾಯೇ ಬಿಡವಲ್ದು: ಕಂಪ್ಯೂಟರ್‌ನಿಂದ ಟೆಸ್ಟ್ ಮಾಡೋದು ಹೆಂಗ್ರಿ?

ಉದ್ಯಮಬಾಗ_ಬೆಂಚ್ (ಬೆಳಗಾವಿ)

ನಮಸ್ಕಾರ್ರಿ ಎಲ್ಲಾರ್ಗೂ. ಮೊದ್ಲ ಒಂದ್ ಮಾತು, ಮೊಬೈಲ್‌ನ್ಯಾಗ ಬರ್ಯಾಕತ್ತೀನಿ, ಸಲಸಲಕ್ಕ ಕೀಬೋರ್ಡ್ ಬದಲಿ ಮಾಡಾಕ ಬ್ಯಾಸರ, ಅದಕ್ಕ ಕಮಾಂಡ್ ಎಲ್ಲಾ ಕನ್ನಡದಾಗ ಹೊಡದೀನಿ, ನೀವು ಇಂಗ್ಲಿಷ್ ಸ್ಪೆಲ್ಲಿಂಗ್ ಮನಸಿನ್ಯಾಗ ಹಚ್ಕೊಂಡ್ ಓದ್ರಿ.

ನಮ್ದು ಉದ್ಯಮಬಾಗದಾಗ ಸಣ್ಣ ಯೂನಿಟ್, ಮಷೀನ್ ಪ್ಯಾನೆಲ್ ಒಳಗ ಕೂಡೋ 12 ವೋಲ್ಟ್ ಸಪ್ಲೈ ಬೋರ್ಡ್ ಮಾಡ್ತೀವಿ. ಪ್ರತಿ ಬೋರ್ಡಿಗೆ ಇನ್‌ಪುಟ್ 18, 24, 32 ವೋಲ್ಟ್ ಕೊಟ್ಟು, ಒಂದೊಂದಕ್ಕೂ ಲೋಡ್ ಸೊನ್ನೆ, 1 ಆಂಪ್, 2 ಆಂಪ್ ಹಾಕಿ ಔಟ್‌ಪುಟ್ ನೋಡ್ಬೇಕು. ಒಟ್ಟು ಒಂಬತ್ತು ರೀಡಿಂಗ್, ಅದೂ ಕೈಲೇ ನಾಬ್ ತಿರುವಿ, ಮೀಟರ್ ನೋಡಿ, ರಜಿಸ್ಟರ್‌ನ್ಯಾಗ ಪೆನ್ನಿಲೆ ಬರಿಯೋದು, ದಿನಕ್ಕ ಅರವತ್ತು ಬೋರ್ಡ್. ಹೋದ ತಿಂಗಳ ನಮ್ ಹುಡುಗ 11.89 ಇದ್ದದ್ದನ್ನ 11.98 ಅಂತ ಬರದ್ಬಿಟ್ಟಾನ, ಲಾಟ್ ವಾಪಸ್ ಬಂತು, ಬೈಸ್ಕೊಂಡಾಂವ ನಾನು. ಈಗ ಸಾವ್ಕಾರ್ರು ಕಂಪ್ಯೂಟರ್‌ಗೆ ಜೋಡ್ಸಿ ಬಿಡೋ ಅಂತ ಗಂಟ್ ಬಿದ್ದಾರ. ಲ್ಯಾಬ್‌ವ್ಯೂ (ಟೆಸ್ಟ್ ಮಾಡೋ ಸಾಫ್ಟ್‌ವೇರ್) ಕೇಳಿದೆ, ಫುಕಟ್ ಕಮ್ಯುನಿಟಿ ಎಡಿಷನ್ ಧಂದೇಕ್ಕ ಬಳಸಂಗಿಲ್ಲಂತ, ಲೈಸೆನ್ಸ್ ನಮ್ ಯೂನಿಟ್‌ಗೆ ತುಟ್ಟಿ. ಅದಕ್ಕ ಪೈಥಾನ್, ಅದರಾಗ ಇಂಥಾ ಸಾಮಾನ ಮಾತಾಡ್ಸೋ ಪೈವೀಸಾ ಲೈಬ್ರರಿ ಹಚ್ಕೊಂಡ್ ಕುಂತೀನಿ.

ಇರೋ ಸಾಮಾನ: ಲ್ಯಾನ್ ಇರೋ ಪ್ರೋಗ್ರಾಮೆಬಲ್ ಪವರ್ ಸಪ್ಲೈ ಒಂದು, ಯುಎಸ್‌ಬಿ ಇರೋ ಎಲೆಕ್ಟ್ರಾನಿಕ್ ಲೋಡ್ ಒಂದು (ಇದು ಗಪ್‌ಚಿಪ್ ಕೆಲಸ ಮಾಡಾಕತ್ತೈತಿ, ಇದರ ಬಗ್ಗೆ ತಕರಾರಿಲ್ಲ), ಮತ್ತ ಪುಣೆದಾಗ ಸೆಕೆಂಡ್ ಹ್ಯಾಂಡ್ ತಂದ ಹಳೇ ಎಚ್‌ಪಿ 34401ಎ ಮಲ್ಟಿಮೀಟರ್.

ತ್ರಾಸ್ ಎರಡ್ ಅದಾವು. ಒಂದು, ಸಪ್ಲೈಗೆ ಸಾಕೆಟ್‌ನಿಂದ (ಲ್ಯಾನ್ ಮ್ಯಾಲಿನ ನೇರ ಕನೆಕ್ಷನ್) *ಐಡಿಎನ್? (ನೀ ಯಾರು ಅಂತ ಕೇಳೋ ಕಮಾಂಡ್) ಕಳ್ಸಿದ್ರ ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಫರ್ಮ್‌ವೇರ್ ಎಲ್ಲಾ ಬರೋಬರ್ ಹೇಳ್ತೈತಿ. ಆದ್ರ ಲೂಪ್‌ನ್ಯಾಗ 18 ಇಟ್ಟು ಮೆಸ್:ವೋಲ್ಟ್? (ವೋಲ್ಟೇಜ್ ಅಳದು ಹೇಳು) ಅಂದ್ರ 1 ಅಂತೈತಿ. 24 ಇಟ್ಟು ಕೇಳಿದ್ರ 17.99. 32 ಇಟ್ರ ಮತ್ತ 1! ಡಿಸ್‌ಪ್ಲೇದಾಗ ನೋಡಿದ್ರ ವೋಲ್ಟೇಜ್ ಸರಿ ಐತಿ, ಕಂಪ್ಯೂಟರ್‌ಗಷ್ಟ ಸುಳ್ಳ್ ಹೇಳಾಕತ್ತೈತಿ. ಎರಡು, ಮೀಟರ್‌ಗೆ ಯುಎಸ್‌ಬಿ ಸೀರಿಯಲ್ ಕನ್ವರ್ಟರ್ ಹಾಕಿ 9600 ಬಾಡ್ (ಡೇಟಾ ಕಳ್ಸೋ ವೇಗ) ಇಟ್ಟೀನಿ, ಏನ್ ಕಳ್ಸಿದ್ರೂ ಟೈಮ್‌ಔಟ್. ಮೀಟರ್ ಸತ್ತೈತೋ, ನನ್ ತೆಲಿ ಸತ್ತೈತೋ ತಿಳಿವಲ್ದು.

---

ಗುಮ್ಮಟ_586 (ವಿಜಯಪುರ)

ಅಣ್ಣಾ ಸಪ್ಲೈ ಸುಳ್ಳ್ ಹೇಳ್ತಿಲ್ಲ, ನೀವು ಹಿಂದ ಕೇಳಿದ್ದಕ್ಕ ಈಗ ಉತ್ತರ ಓದಾಕತ್ತೀರಿ. ವೋಲ್ಟೇಜ್ ಇಟ್ಟಾದ ಮ್ಯಾಲ *ಒಪಿಸಿ? (ಹಿಂದಿನ ಕೆಲಸ ಮುಗೀತೇನು ಅಂತ ಕೇಳೋದು) ಅಂತ ಒಂದು ಸಾಲು ಹಾಕೀರಿ ಅಲ್ಲಾ? ಅದನ್ನ ರೈಟ್‌ನಿಂದ (ಬರೇ ಕಳ್ಸೋದು) ಕಳ್ಸೀರಿ, ಕ್ವೆರಿಯಿಂದ (ಕಳ್ಸಿ ಉತ್ತರಾನೂ ಓದೋದು) ಅಲ್ಲ. ಕಣ್ಣು ಮುಚ್ಚಿ ಹೇಳ್ತೀನಿ.

ಇದು ಹೆಂಗ್ ಅಂದ್ರ, ಇನ್‌ಸ್ಟ್ರುಮೆಂಟ್ ನಮ್ಮ ಗೋಳಗುಮ್ಮಟ ಅಲ್ಲ, ಕೂಗಿದ್ದೆಲ್ಲಾ ಏಳು ಸಲ ತಿರುಗಿ ಬರಾಕ. ವೋಲ್ಟ್ 24 ಅಂದ್ರ ಸುಮ್ನ 24 ಇಟ್ಕೊಂಡು ಕೂಡ್ತದ, ಹೂಂ ಅನ್ನಂಗಿಲ್ಲ, ಉಹೂಂ ಅನ್ನಂಗಿಲ್ಲ. ಪ್ರಶ್ನೆ ಚಿಹ್ನೆ ಇದ್ರಷ್ಟೇ ಉತ್ತರ ಕೊಡ್ತದ. ಆದ್ರ ಪ್ರಶ್ನೆ ಚಿಹ್ನೆ ಹಾಕಿ ಉತ್ತರ ತಗೋಳ್ಲಿಲ್ಲ ಅಂದ್ರ ಆ ಉತ್ತರ ಎಲ್ಲೂ ಹೋಗಂಗಿಲ್ಲ, ಸಾಕೆಟ್ ಬಫರ್‌ನ್ಯಾಗ ಸರತಿ ಹಚ್ಚಿ ನಿಂತಿರ್ತದ. *ಒಪಿಸಿ? ಗೆ ಉತ್ತರ ಯಾವಾಗ್ಲೂ 1. ನಿಮ್ಮ ಲೂಪ್ ಕೈಲೇ ಓಡಿಸಿ ನೋಡ್ರಿ: ಮೊದಲ್ನೇ ಸುತ್ತಿನ್ಯಾಗ ಸಪ್ಲೈ 1 ಮತ್ತು 17.99 ಎರಡು ಉತ್ತರ ಕಳ್ಸ್ಯದ, ನೀವು ಒಂದೇ ಓದೀರಿ, ಸಿಕ್ಕದ್ದು 1. ಎರಡನೇ ಸುತ್ತಿಗೆ 17.99 ಮುಂದ ನಿಂತದ, ಅದು ಸಿಕ್ತು. ಹಿಂದ ಮತ್ತೊಂದು 1, ಅದು ಮೂರನೇ ಸುತ್ತಿಗೆ. ನಿಮ್ಮ 1, 17.99, 1 ಬರೋಬ್ಬರಿ ಕೂತ್ತು ನೋಡ್ರಿ. ಸುತ್ತು ಹೆಚ್ಚಾದಂಗ ಸಾಲ ಬೆಳೀತಾ ಹೋಗ್ತದ.

ಇದೇ ತಪ್ಪು ಯುಎಸ್‌ಬಿ ಅಥವಾ ಜಿಪಿಐಬಿ (ಇನ್‌ಸ್ಟ್ರುಮೆಂಟ್ ಜೋಡ್ಸೋ ಹಳೇ ನಮೂನಿ ಬಸ್) ಮ್ಯಾಲ ಮಾಡಿದ್ರ ಬ್ಯಾರೆ ನಮೂನಿ ಕಾಣ್ತದ. ಅಲ್ಲಿ ಮೊದಲ್ನೇ ಉತ್ತರ ಓದದನ ಎರಡನೇದು ಕೇಳಿದ್ರ ಇನ್‌ಸ್ಟ್ರುಮೆಂಟ್ ಮೊದಲ್ನೇದು ಚೆಲ್ಲಿ ಮೈನಸ್ 410, ಕ್ವೆರಿ ಇಂಟರಪ್ಟೆಡ್ ಅಂತ ಎರರ್ ಹಾಕ್ತದ. ಕಚ್ಚಾ ಸಾಕೆಟ್‌ನ್ಯಾಗ ಆ ಶಿಸ್ತು ಇಲ್ಲ, ನುಂಗಿ ಸುಮ್ಮನಾಗ್ತದ, ಅದಕ್ಕ ಪತ್ತೆ ಹಚ್ಚಾಕ ತಡ ಆಗ್ತದ.

ಎರಡು ಕೆಲಸ ಮಾಡ್ರಿ. *ಒಪಿಸಿ? ನ ಕ್ವೆರಿ ಮಾಡ್ರಿ. ಮತ್ತ ಸಾಕೆಟ್ ತೆಗದಿದ್ದಕ್ಕ ರೀಡ್ ಟರ್ಮಿನೇಷನ್, ರೈಟ್ ಟರ್ಮಿನೇಷನ್ ಎರಡೂ ನ್ಯೂಲೈನ್ ಅಂತ ಕೈಲೇ ಕೊಡ್ರಿ, ಸಾಕೆಟ್‌ಗೆ ಮಾತು ಎಲ್ಲಿ ಮುಗೀತು ಅಂತ ತಾನಾಗೇ ತಿಳಿಯಂಗಿಲ್ಲ. ಪೋರ್ಟ್ ಸರಿ ಹಾಕೀರಿ ಅನಸ್ತದ, ಇಲ್ಲಾಂದ್ರ *ಐಡಿಎನ್? ಗೂ ಉತ್ತರ ಬರ್ತಿರ್ಲಿಲ್ಲ. ಭಾಳ ಕಂಪನಿದು 5025, ರಿಗೋಲ್‌ದು 5555.

---

ಕ್ಯಾಲ್_ಕಾಕಾ (ಬಾಗಲಕೋಟಿ)

ಗುಮ್ಮಟದ ತಮ್ಮ ಸಪ್ಲೈದು ಬರೋಬರ್ ಹಿಡದಾನ. ನಾ ಮೀಟರ್ ಬಗ್ಗೆ ಹೇಳ್ತೀನಿ, ಈ ಮೀಟರ್ ಜೋಡಿ ಹದಿನೆಂಟ್ ವರ್ಷ ಕ್ಯಾಲಿಬ್ರೇಷನ್ ಬೆಂಚ್‌ನ್ಯಾಗ ಕಳದೀನಿ, ಮನ್ಯಾವ್ರಕಿಂತ ಇದರ ಗುಣ ಹೆಚ್ಚ್ ಗೊತ್ತೈತಿ.

ತಮ್ಮಾ ಮೀಟರ್ ಸತ್ತಿಲ್ಲ, ಬಹುಶಃ ಅದು ನಿನ್ ಸೀರಿಯಲ್ ಪೋರ್ಟ್ ಕಡೆ ಕಿವಿನ ಕೊಟ್ಟಿಲ್ಲ. 34401ಎ ಹಿಂದ ಎರಡು ಕಿಂಡಿ ಐತಿ, ಒಂದು ಜಿಪಿಐಬಿ, ಒಂದು ಆರ್‌ಎಸ್ 232, ಅಂದ್ರ ಸೀರಿಯಲ್. ಒಂದ್ ಸಲಕ್ಕ ಒಂದ. ಕಾರ್ಖಾನಿಯಿಂದ ಬರುವಾಗ ಜಿಪಿಐಬಿ ಮ್ಯಾಲ ಇರ್ತೈತಿ, ಅಡ್ರೆಸ್ 22. ಮುಂದಿನ ಪ್ಯಾನೆಲ್‌ನ್ಯಾಗ ಶಿಫ್ಟ್ ಒತ್ತಿ ಮೆನುಕ್ಕ ಹೋಗಿ ಐ/ಒ ಮೆನು ಹುಡುಕು, ಅದರಾಗ ಇಂಟರ್‌ಫೇಸ್ ಅಂತ ಐತಿ, ಅಲ್ಲಿ ಆರ್‌ಎಸ್ 232 ಮಾಡು. ಅಲ್ಲೇ ಪಕ್ಕಕ್ಕ ಪ್ಯಾರಿಟಿ (ತಪ್ಪು ಹಿಡಿಯಾಕ ಹಾಕೋ ಬಿಟ್) ನೋಡು. ನೀ 9600 ಇಟ್ಟೀನಿ ಅಂದಿ, ಅಷ್ಟ ಸಾಲಂಗಿಲ್ಲ. ಪೈವೀಸಾ ತಾನಾಗೇ 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಹಿಡಿತೈತಿ. ಈ ಮೀಟರ್ ಮೂಲದಾಗ 7 ಬಿಟ್, ಈವನ್ ಪ್ಯಾರಿಟಿ, 2 ಸ್ಟಾಪ್ ಬಿಟ್. ಯಾವ್ದರೆ ಒಂದು ಕಡೆ ಬದಲ್ ಮಾಡಿ ಎರಡೂ ಒಂದ ಮಾಡು.

ಆಮ್ಯಾಲ ಕೇಬಲ್. ಅಂಗಡ್ಯಾಗ ಸಿಗೋ ನೆಟ್ಟಗಿನ ಕೇಬಲ್ ನಡ್ಯಂಗಿಲ್ಲ, ನಲ್ ಮೋಡೆಮ್ ಬೇಕು, 2 ಮತ್ತ 3 ಅಡ್ಡ ಆಗ್ಬೇಕು. ನೀ ಮೂರ್ ವೈರಿಂದು ಕೈಲೇ ಬೆಸಗಿ ಹಾಕಿದ್ದಿ ಅಂದ್ರ ಇನ್ನೊಂದು ಕುತ್ತ ಐತಿ. ಈ ಮೀಟರ್ ಡಿಟಿಆರ್, ಡಿಎಸ್‌ಆರ್ ಹ್ಯಾಂಡ್‌ಶೇಕ್ ನೋಡ್ತೈತಿ, 6ನೇ ಪಿನ್ ಮ್ಯಾಲ ಹೂಂ ಅಂತ ಸಿಗ್ನಲ್ ಬರ್ಲಿಲ್ಲ ಅಂದ್ರ ಉತ್ರ ರೆಡಿ ಇದ್ರೂ ಬಾಯಾಗ ಹಿಡ್ಕೊಂಡ್ ಕೂಡ್ತೈತಿ. ಮೀಟರ್ ಕಡೆ ಕನೆಕ್ಟರ್‌ನ್ಯಾಗ 4 ಮತ್ತ 6ನೇ ಪಿನ್ ಒಂದಕ್ಕೊಂದು ಸಣ್ಣ ವೈರ್ ಹಾಕಿ ಬೆಸಗಿಬಿಡು, ತಾನ ಹೂಂ ಅಂದು ತಾನ ಕೇಳ್ಕೋತೈತಿ. ಇದೊಂದು ವೈರ್ ಸಲುವಾಗಿ ನಾ ಒಂದ್ ಇಡೀ ಶನಿವಾರ ಕಳ್ಕೊಂಡೀನಿ.

ಇಷ್ಟಾದ ಮ್ಯಾಲ ಕಟ್ಟಕಡೀದು: ಸೀರಿಯಲ್‌ನಿಂದ ಮಾತಾಡ್ಸೋದಾದ್ರ ಮೊದಲ್ನೇ ಸಾಲು ಸಿಸ್ಟ್:ರೆಮ್ (ರಿಮೋಟ್‌ಗೆ ಬಾ, ಕಂಪ್ಯೂಟರ್ ಮಾತು ಕೇಳು) ಇರ್ಬೇಕು. ಜಿಪಿಐಬಿಗೆ ಇದಕ್ಕಂತ ಬ್ಯಾರೆ ವೈರ್ ಐತಿ, ಸೀರಿಯಲ್‌ಗಿಲ್ಲ, ಅದಕ್ಕ ಬಾಯಿ ಬಿಟ್ಟು ಹೇಳ್ಬೇಕು. ಹೇಳ್ಲಿಲ್ಲ ಅಂದ್ರ 550, ಕಮಾಂಡ್ ನಾಟ್ ಅಲೌಡ್ ಇನ್ ಲೋಕಲ್ ಅಂತ ಎರರ್.

ಮತ್ತ ಎರರ್ ಅಂದ್ನೆಲ್ಲಾ, ಡಿಸ್‌ಪ್ಲೇ ಮ್ಯಾಲ ಸಣ್ಣ ಅಕ್ಷರದಾಗ ಎರರ್ ಅಂತ ಹತ್ತಿರ್ತೈತಿ ನೋಡು. ಅದು ಹತ್ತಿತ್ತು ಅಂದ್ರ ಮೀಟರ್ ಏನೋ ಕೇಳಿಸ್ಕೊಂಡೈತಿ, ತಿಳಿದಿಲ್ಲ ಅಂತ ಅರ್ಥ, ಅಂದ್ರ ವೈರ್ ಪಾಸ್. 511 ಅಂದ್ರ ಫ್ರೇಮಿಂಗ್, 513 ಅಂದ್ರ ಪ್ಯಾರಿಟಿ ತಪ್ಪು. ಮೈನಸ್ 113 ಅಂದ್ರ ಅಕ್ಷರ ಮುಟ್ಟ್ಯಾವು, ಸ್ಪೆಲ್ಲಿಂಗ್ ತಪ್ಪೈತಿ. ಇಪ್ಪತ್ತು ಎರರ್ ತನಕ ನೆನಪಿಟ್ಕೋತೈತಿ ಅದು, ಸಿಸ್ಟ್:ಎರ್? ಅಂತ ಸೊನ್ನೆ ಬರೋತನಕ ಕೇಳ್ಕೋತ ಹೋಗು, ಹಳೇದು ಮೊದ್ಲ ಬರ್ತೈತಿ. ಮಂದಿ ಯಾಕೋ ಇದನ್ನ ಕೇಳೋದ ಇಲ್ಲ, ಮೂರ್ ದಿನ ಗೂಗಲ್ ಹುಡುಕ್ತಾರ, ಉತ್ರ ಮೀಟರ್ ಹೊಟ್ಯಾಗ ಕುಂತಿರ್ತೈತಿ.

---

ಇಸಿ_ಐದನೇ_ಸೆಮ್ (ಬಾಗಲಕೋಟಿ)

ಕಾಕಾ, ಮಧ್ಯ ಬಾಯಿ ಹಾಕ್ತೀನಿ ಬೈಬ್ಯಾಡ್ರಿ. ಈ ಮೆಸ್ ಫಿಸ್ ಅನ್ನೋದೆಲ್ಲಾ ಯಾರ್ ಮಾಡಿದ ಭಾಷೆ? ಎಲ್ಲಾ ಕಂಪನಿಗೂ ಒಂದೇನಾ? ನಮಗ ವೈವಾದಾಗ ಜಿಪಿಐಬಿ ಅಂದ್ರೇನು ಅಂತ ಕೇಳಿದ್ರು, ನಾ ಕೇಬಲ್ ಅಂದೆ, ಸರ್ ನಕ್ರು.

---

ಕ್ಯಾಲ್_ಕಾಕಾ (ಬಾಗಲಕೋಟಿ)

ಕೇಬಲ್ ಅಂದದ್ದು ಅಷ್ಟೇನ್ ತಪ್ಪಲ್ಲ ಬಿಡು. ಎಚ್‌ಪಿದವ್ರು ತಮ್ ಸಾಮಾನ ಜೋಡ್ಸಾಕ ಎಚ್‌ಪಿ-ಐಬಿ ಅಂತ ಒಂದು ಬಸ್ ಮಾಡ್ಕೊಂಡಿದ್ರು, ಅದ 1975ರಾಗ ಐಇಇಇ 488 ಆತು, ಮಂದಿ ಬಾಯಾಗ ಜಿಪಿಐಬಿ. 24 ಪಿನ್ನಿನ ದಪ್ಪ ಕನೆಕ್ಟರ್, ಒಂದರ ಬೆನ್ನ ಮ್ಯಾಲ ಒಂದ್ ಕೂಡಸ್ಕೋತ ಹೋಗ್ಬಹುದು, ಒಂದ್ ಬಸ್ ಮ್ಯಾಲ 15 ಸಾಮಾನ, ಒಟ್ಟು ಕೇಬಲ್ 20 ಮೀಟರ್ ಮೀರ್ಬಾರ್ದು. ಆದ್ರ ಆ ಸ್ಟ್ಯಾಂಡರ್ಡ್ ವೈರ್ ಬಗ್ಗೆ, ಅಕ್ಷರ ಹೆಂಗ ದಾಟ್ಸೋದು ಅನ್ನೋದರ ಬಗ್ಗೆ ಹೇಳ್ತು, ಏನ್ ಮಾತಾಡ್ಬೇಕು ಅಂತ ಹೇಳ್ಲಿಲ್ಲ. ಬಸ್ ಒಂದ, ಒಳಗ ಕುಂತವ್ರು ಒಬ್ಬ ಮರಾಠಿ, ಒಬ್ಬ ಕೊಂಕಣಿ, ಒಬ್ಬ ತೆಲಗು, ಹಂಗಿತ್ತು.

1987ರಾಗ 488.2 ಬಂತು, ಆಗ ಈ ಸ್ಟಾರ್ ಕಮಾಂಡ್ ಎಲ್ಲಾರ್ಗೂ ಒಂದ ಆದವು, *ಐಡಿಎನ್?, *ಆರ್‌ಎಸ್‌ಟಿ (ರಿಸೆಟ್), *ಸಿಎಲ್‌ಎಸ್ (ಹಳೇ ಎರರ್ ಅಳಸೋದು) ಹಿಂಗ ಕಡ್ಡಾಯದ್ದು 13. 1990ರಾಗ ಎಸ್‌ಸಿಪಿಐ ಬಂತು, ಸ್ಕಿಪ್ಪಿ ಅಂತಾರ, ಮೆಷರ್, ವೋಲ್ಟೇಜ್, ಕರೆಂಟ್ ಈ ಶಬ್ದ ಎಲ್ಲಾ ಅದು ಗಟ್ಟಿ ಮಾಡ್ತು. ಸೀರಿಯಲ್ ಇರ್ಲಿ, ಲ್ಯಾನ್ ಇರ್ಲಿ, ಯುಎಸ್‌ಬಿ ಇರ್ಲಿ, ವೈರ್ ಬದಲಾದ್ರೂ ಸಾಲು ಅದ. ನಮ್ ತಮ್ಮ ತಂದ ಈ 34401ಎ ಆ ಬದಲಾಗೋ ಕಾಲದ ಕೂಸು, ಅದಕ್ಕ ಐ/ಒ ಮೆನುದಾಗ ಲ್ಯಾಂಗ್ವೇಜ್ ಅಂತ ಒಂದೈತಿ, ಎಸ್‌ಸಿಪಿಐ ಬಿಟ್ಟು ಫ್ಲೂಕ್ 8840, ಕೀಥ್ಲಿ 196 ಮೀಟರ್‌ಗಳ ಭಾಷೆನೂ ಬರ್ತೈತಿ. ಹಳೇ ಫ್ಲೂಕ್ ತಗದು ಇದನ್ನ ಇಟ್ರ ಪ್ರೋಗ್ರಾಂ ಬದಲ್ ಮಾಡೋದು ಬ್ಯಾಡ ಅಂತ.

ಸಣ್ಣ ರೂಪದ್ದು ಒಂದ್ ನಿಯಮ ಐತಿ, ಶಬ್ದದ ಮೊದಲ್ನೇ ನಾಕು ಅಕ್ಷರ, ನಾಕನೇದು ಸ್ವರ ಆದ್ರ ಮೂರ. ಮೆಷರ್‌ಗೆ ಎಂ ಇ ಎ ಎಸ್, ಪವರ್‌ಗೆ ಪಿ ಒ ಡಬ್ಲ್ಯೂ. ಪೂರ್ತಿ ಬರಿ ಇಲ್ಲಾ ಸಣ್ಣದು ಬರಿ, ನಡಬರಕ ಐದಕ್ಷರಕ್ಕ ನಿಲ್ಸಿದ್ರ ಮೈನಸ್ 113.

---

ಉದ್ಯಮಬಾಗ_ಬೆಂಚ್ (ಬೆಳಗಾವಿ)

ಕಾಕಾ ನಿಮ್ ಕಾಲು ಎಲ್ಲದಾವು ಹೇಳ್ರಿ! ಇಂಟರ್‌ಫೇಸ್ ಜಿಪಿಐಬಿ ಮ್ಯಾಲ ಇತ್ತು. ಬದಲ್ ಮಾಡಿದೆ, ಎರರ್ ದೀಪ ಹತ್ತು, 513 ಅಂತು, ಪ್ಯಾರಿಟಿ ಸರಿ ಮಾಡಿದೆ, ಎರರ್ ಹೋತು ಆದ್ರ ಉತ್ರ ಬರ್ಲಿಲ್ಲ, ಕೇಬಲ್ ಬಿಚ್ಚಿದ್ರ ನೀವಂದಂಗ ಮೂರ ವೈರ್. 4 ಮತ್ತ 6 ಬೆಸಗಿ ಸಿಸ್ಟ್:ರೆಮ್ ಕಳ್ಸಿ *ಐಡಿಎನ್? ಅಂದೆ ನೋಡ್ರಿ, ಹ್ಯೂಲೆಟ್-ಪ್ಯಾಕರ್ಡ್ ಕಾಮಾ 34401ಎ ಕಾಮಾ ಸೊನ್ನೆ ಅಂತ ಬಂತು. ಸೀರಿಯಲ್ ನಂಬರ್ ಜಾಗಾದಾಗ ಸೊನ್ನೆ, ಕದ್ದ ಮಾಲ್ ಏನ್ರಿ ಇದು? ಸಪ್ಲೈನೂ ಸರಿ ಆತು, *ಒಪಿಸಿ? ನ ರೈಟ್ ಮಾಡಿದ್ದೆ, ಗುಮ್ಮಟದವ್ರು ಮನ್ಯಾಗ ಕ್ಯಾಮೆರಾ ಇಟ್ಟಾರೇನೋ ಅನಿಸ್ತು.

ಈಗ ಹೊಸಾ ತಮಾಷಾ. ಅರ್ಧ ಬೋರ್ಡಿಗೆ 11.96, 11.98 ಅಂತ ಚಂದ ಬರ್ತೈತಿ, ಇನ್ನರ್ಧಕ್ಕ +9.90000000ಇ+37. ಅಂದ್ರ 99 ಆದ ಮ್ಯಾಲ ಮೂವತ್ತಾರು ಸೊನ್ನೆ, ಇಷ್ಟ್ ವೋಲ್ಟ್ ನಮ್ ಬೋರ್ಡ್‌ನಿಂದ ಬಂದ್ರ ಹೆಸ್ಕಾಂದವ್ರಿಗೆ ನಾವ ಕರೆಂಟ್ ಮಾರ್ಬಹುದು. ಹುಡುಗ ಅದನ್ನ ಹಂಗ ಎಕ್ಸೆಲ್‌ಗೆ ಹಾಕಿ ಸರಾಸರಿ ತಗದಿದ್ದ. ಅದ ಬೋರ್ಡ್ ಕೈ ಮೀಟರ್‌ನಿಂದ ನೋಡಿದ್ರ 12.03, ಏನೂ ದೋಷ ಇಲ್ಲ. ಜಲ್ದಿ ಆಗ್ಲಿ ಅಂತ ಸುರೂಕ ಕಾನ್ಫ್:ವೋಲ್ಟ್:ಡಿಸಿ 10 ಹಾಕಿ ಆಮ್ಯಾಲ ಬರೇ ರೀಡ್? ಕಳ್ಸಾಕತ್ತೀನಿ.

---

ಕ್ಯಾಲ್_ಕಾಕಾ (ಬಾಗಲಕೋಟಿ)

ಕದ್ದ ಮಾಲ್ ಅಲ್ಲೋ, ಈ ಮಾಡೆಲ್ ಎಲ್ಲಾದೂ ಅಲ್ಲಿ ಸೊನ್ನೇನ ಹೇಳೋದು.

9.9ಇ37 ಅಂದ್ರ ಅಳತಿ ಅಲ್ಲ, ಮೀಟರ್ ಕೈ ಎತ್ತಿದ್ದು. ಎಸ್‌ಸಿಪಿಐದಾಗ ಅನಂತ ಅನ್ನಾಕ ಇಟ್ಟ ಸಂಖ್ಯಾ, ಓವರ್‌ಲೋಡ್ ಆದ್ರ ಅದ ಬರೋದು. ನೀ 10 ವೋಲ್ಟ್ ರೇಂಜ್ ಗಟ್ಟಿ ಮಾಡೀದಿ. ಈ ಮೀಟರ್‌ದಾಗ ರೇಂಜ್ ಮ್ಯಾಲ 20 ಪರ್ಸೆಂಟ್ ಸವಲತ್ತು ಇರ್ತೈತಿ, ಅಂದ್ರ 10ರ ರೇಂಜ್‌ನ್ಯಾಗ 12 ತನಕ ಓದ್ತೈತಿ. ನಿನ್ ಬೋರ್ಡ್ ನೋಡಿದ್ರ ಬರೋಬ್ಬರಿ ಆ ಗೆರಿ ಮ್ಯಾಲ ಕುಂತಾವು! 11.98 ಪಾಸ್, 12.03 ಅಂದ್ರ ಅನಂತ. 12ಕಿಂತ ಒಂಚೂರು ಹೆಚ್ಚಿರೋ ಚಲೋ ಬೋರ್ಡ್ ಎಲ್ಲಾ ಬಾದ್ ಆಗಿ, ಕಡಿಮಿ ಇರೋವಷ್ಟ ಲೆಕ್ಕಕ್ಕ ಬಂದಿರ್ತಾವು. ಕಾನ್ಫ್:ವೋಲ್ಟ್:ಡಿಸಿ 100 ಮಾಡು. ಪ್ರೋಗ್ರಾಂದಾಗ 1ಇ37ಕಿಂತ ದೊಡ್ಡದು ಬಂದ್ರ ಓವರ್‌ಲೋಡ್ ಅಂತ ಬರಿ, ಸರಾಸರಿಗೆ ಸೇರಸ್ಬ್ಯಾಡ.

ಜಲ್ದಿ ಬೇಕಾದ್ರ ರೇಂಜ್ ಕಡೆ ಅಲ್ಲ, ಎನ್‌ಪಿಎಲ್‌ಸಿ ಕಡೆ ನೋಡು. ಮೂಲದಾಗ 10 ಇರ್ತೈತಿ, ಅಂದ್ರ ಹತ್ತು ಮೇನ್ಸ್ ಸೈಕಲ್ ತನಕ ಸರಾಸರಿ, ನಮ್ 50 ಹರ್ಟ್ಸ್‌ಗೆ 200 ಮಿಲಿಸೆಕೆಂಡ್. ಆಟೋಝೀರೋ ಚಾಲೂ ಇದ್ರ ಪ್ರತಿ ರೀಡಿಂಗ್ ಹಿಂದ ಒಂದು ಸೊನ್ನೆ ಅಳತಿನೂ ತಗೋತೈತಿ, ಸುಮಾರ 400 ಆತು. ಸೆನ್ಸ್:ವೋಲ್ಟ್:ಡಿಸಿ:ಎನ್‌ಪಿಎಲ್‌ಸಿ 1 ಅಂದ್ರ 20 ಮಿಲಿಸೆಕೆಂಡ್, ನಿನ್ ಎರಡು ದಶಮಾಂಶಕ್ಕ ರಗಡ್. 0.2ಕ್ಕ ಮಾತ್ರ ಇಳಿಬ್ಯಾಡ. ಪೂರ್ತಿ ಸೈಕಲ್ ತಗೊಂಡ್ರ ಮೇನ್ಸ್ ಹಮ್ ತಾನ ವಜಾ ಆಗ್ತೈತಿ, ಅರೆಬರೆ ತಗೊಂಡ್ರ ಬಾಜೂಕಿನ ವೆಲ್ಡಿಂಗ್ ಮಷೀನ್ ನಿನ್ ರೀಡಿಂಗ್‌ನ್ಯಾಗ ಕುಣಿತೈತಿ.

---

ಟಿಳಕವಾಡಿ_ಟೆಸ್ಟರ್ (ಬೆಳಗಾವಿ)

ಎಲ್ಲಾ ಚಲೋ ಹೇಳೀರಿ, ಆದ್ರ ಸ್ಟ್ಯಾಂಡರ್ಡ್ ಸ್ಟ್ಯಾಂಡರ್ಡ್ ಅಂತ ಹುಡುಗರನ್ನ ನಂಬಸ್ಬ್ಯಾಡ್ರಿ. ಸ್ಟಾರ್ ಕಮಾಂಡ್ ತನಕ ಖರೆ. ಅದರಾಚೆ ಒಬ್ಬಂವ ಚಾನೆಲ್‌ಗೆ ಬ್ರಾಕೆಟ್ ಅಟ್ ಒಂದು ಅಂತಾನ, ಇನ್ನೊಬ್ಬ ಸಿಎಚ್1 ಅಂತಾನ, ಮತ್ತೊಬ್ಬ ಇನ್‌ಸ್ಟ್ರುಮೆಂಟ್ ಸೆಲೆಕ್ಟ್ ಅಂತಾನ. ನಾವು ಒಂದು ಸಪ್ಲೈ ಕೆಟ್ಟು ಬ್ಯಾರೆ ಕಂಪನಿದು ತಂದ್ವಿ, ಅದ ಎಸ್‌ಸಿಪಿಐ, ಎರಡ್ ದಿನ ಪ್ರೋಗ್ರಾಂ ತಿದ್ದೂದ ಆತು. ಅದಕ್ಕ ಪ್ರತಿ ಸಾಮಾನಿಗೂ ಬ್ಯಾರೆ ಬ್ಯಾರೆ ಫೈಲ್ ಮಾಡಿಡ್ರಿ, ಟೆಸ್ಟ್ ಬರಿಯೋ ಫೈಲ್‌ನ್ಯಾಗ ಸೆಟ್ ವೋಲ್ಟೇಜ್, ರೀಡ್ ವೋಲ್ಟೇಜ್ ಅಂತ ನಿಮ್ ಹೆಸರಷ್ಟ ಇರ್ಲಿ, ಕೋಲನ್ ಗೀಲನ್ ಎಲ್ಲಾ ಹಿಂದಿನ ಮನಿಗೆ.

ಇನ್ನೊಂದ್ ಯಾರೂ ಹೇಳ್ಲಿಲ್ಲ. ಪ್ರೋಗ್ರಾಂ ನಡು ಸತ್ರ ಸಪ್ಲೈಗೆ ಅದು ಗೊತ್ತಾಗಂಗಿಲ್ರಿ. ಕಡೀಕ ಏನ್ ಹೇಳಿತ್ತೋ ಅದ ಹಿಡ್ಕೊಂಡ್ ನಿಂತಿರ್ತೈತಿ. ನಮ್ ಕಡೆ ಒಮ್ಮೆ ಟೈಮ್‌ಔಟ್ ಬಂದು ಪ್ರೋಗ್ರಾಂ ನಿಂತೈತಿ, 32 ವೋಲ್ಟ್, ಫುಲ್ ಲೋಡ್, ನಾವೆಲ್ಲಾ ಊಟಕ್ಕ ಹೋಗೀವಿ. ವಾಪಸ್ ಬಂದಾಗ ಬೆಂಚ್ ಸುತ್ತ ಸುಟ್ಟ ವಾಸನಿ, ಬೋರ್ಡ್ ಮ್ಯಾಲ ರೆಗ್ಯುಲೇಟರ್ ಇದ್ದ ಜಾಗಾದಾಗ ಕರೇ ಗುಂಡಿ, ಕೆಳಗಿನ ರಬ್ಬರ್ ಮ್ಯಾಟ್ ಮ್ಯಾಲ ಅದರದ ಅಚ್ಚು. ಆ ಮ್ಯಾಟ್ ಇನ್ನೂ ಇಟ್ಟೀನಿ. ಪೈಥಾನ್‌ನ್ಯಾಗ ಟ್ರೈ ಹಾಕಿ ಫೈನಲಿದಾಗ (ಎರರ್ ಬಂದ್ರೂ ಕಡೀಕ ಓಡೋ ಭಾಗ) ಮೊದ್ಲ ಲೋಡ್ ಆಫ್, ಆಮ್ಯಾಲ ಸಪ್ಲೈ ಔಟ್‌ಪ್ ಆಫ್, ಇದು ಮೀಟರ್ ಮಾತಾಡ್ಸೋದಕಿಂತ ಮೊದ್ಲ ಬರೀರಿ. ವೋಲ್ಟೇಜ್ ಇಡೋಕಿಂತ ಮೊದ್ಲ ಕರೆಂಟ್ ಲಿಮಿಟ್ ಇಡ್ರಿ. ಮತ್ತ *ಒಪಿಸಿ? 1 ಅಂದ್ರ ಕಮಾಂಡ್ ಮುಗೀತು ಅಂತಷ್ಟ, ನಿಮ್ ಬೋರ್ಡಿನ ಔಟ್‌ಪುಟ್ ನೆಟ್ಟಗ ನಿಂತೈತಿ ಅಂತಲ್ಲ, ಲೋಡ್ ಬದಲ್ ಮಾಡಿದ ಮ್ಯಾಲ ಬೋರ್ಡ್ ಎಷ್ಟೊತ್ತಿಗೆ ನಿಲ್ತೈತಿ ಅಂತ ಸ್ಕೋಪ್‌ನ್ಯಾಗ ಒಮ್ಮೆ ನೋಡಿ ಅಷ್ಟು ಸ್ಲೀಪ್ ಹಾಕ್ರಿ.

---

ಉದ್ಯಮಬಾಗ_ಬೆಂಚ್ (ಬೆಳಗಾವಿ)

ಟೆಸ್ಟರ್ ಅಣ್ಣಾರ, ಮ್ಯಾಟ್ ಕಥಿ ಓದಿ ನಿನ್ನಿ ರಾತ್ರಿನ ಫೈನಲಿ ಬರದೆ. 100 ರೇಂಜ್, ಎನ್‌ಪಿಎಲ್‌ಸಿ 1, ಈಗ ಒಂಬತ್ತು ರೀಡಿಂಗ್ ಚಾ ಕಪ್ ಕೆಳಗಿಡೋದ್ರಾಗ ಮುಗಿತಾವು. ಮಧ್ಯಾಹ್ನ ಮೂರರ ತನಕ 41 ಬೋರ್ಡ್ ಆಗಿತ್ತು, ಕರೆಂಟ್ ಹೋತು. ಲ್ಯಾಪ್‌ಟಾಪ್ ಬ್ಯಾಟರಿ ಮ್ಯಾಲ ನಡದಿತ್ತು, ಪ್ರೋಗ್ರಾಂ ಟೈಮ್‌ಔಟ್ ಅಂತ ನಿಂತ್ಕೊಂಡ್ತು. ಕರೆಂಟ್ ಬಂದ ಮ್ಯಾಲ ಅಲ್ಲಿಂದ ಮುಂದ ಓಡ್ಸಿದ್ರ ಮೀಟರ್ ಬರೇ ಕೀಂ ಅಂತೈತಿ, ಮುಂದಿನ ಮೆನುದಾಗ ನೋಡಿದ್ರ 550.

---

ಗುಮ್ಮಟ_586 (ವಿಜಯಪುರ)

ಕರೆಂಟ್ ಹೋಗಿ ಬಂದ್ರ ಮೀಟರ್ ಮತ್ತ ಲೋಕಲ್‌ಗೆ ಬರ್ತದ ಅಣ್ಣಾ. ಇಂಟರ್‌ಫೇಸು, ಬಾಡು, ಪ್ಯಾರಿಟಿ ಅದರ ನೆನಪಿನ್ಯಾಗ ಉಳೀತಾವ, ಆದ್ರ ರಿಮೋಟ್ ಅನ್ನೋದು ಮತ್ತ ನೀವು ಇಟ್ಟ ರೇಂಜ್ ಮರೀತದ. ಸಿಸ್ಟ್:ರೆಮ್, *ಆರ್‌ಎಸ್‌ಟಿ, *ಸಿಎಲ್‌ಎಸ್, ಕಾನ್ಫ್, ಎನ್‌ಪಿಎಲ್‌ಸಿ ಇವೆಲ್ಲಾ ಪ್ರೋಗ್ರಾಂ ಸುರೂಕ ಅಲ್ಲ, ಪ್ರತಿ ಬೋರ್ಡಿನ ಸುರೂಕ ಹಾಕಿಬಿಡ್ರಿ, ಒಂದು ಸೆಕೆಂಡ್ ಹೆಚ್ಚಾದ್ರ ಆಗ್ಲಿ. ಮತ್ತ ಪ್ರತಿ ಬೋರ್ಡಿನ ಕಡೀಕ ಸಿಸ್ಟ್:ಎರ್? ಕೇಳಿ ಉತ್ತರಾನೂ ಅದೇ ಫೈಲ್‌ನ್ಯಾಗ ಬರಸ್ರಿ.

---

ಉದ್ಯಮಬಾಗ_ಬೆಂಚ್ (ಬೆಳಗಾವಿ)

ಹಾಕಿದೆ, ನಡದೈತಿ. ಸಂಜಿ ತನಕ 66 ಆದವು. ಸಾವ್ಕಾರ್ರು ಬಂದು ಎಕ್ಸೆಲ್ ನೋಡಿ ಚಲೋ ಆತು ಅಂದ್ರು, ಆಮ್ಯಾಲ ಆಡಿಟ್‌ದವ್ರು ಕೇಳ್ತಾರ, ರಜಿಸ್ಟರ್‌ನ್ಯಾಗೂ ಪೆನ್ನಿಲೆ ಬರದಿಡ್ರಿ ಅಂದ್ರು. ಹುಡುಗ ಈಗ ಸ್ಕ್ರೀನ್ ನೋಡಿ ಬರ್ಯಾಕತ್ತಾನ.